ಮ್ಯಾಗ್ನೆಟ್ ಅಚ್ಚಿನ ಕೆಳಗೇ ಇರಲಿ: ರೆಸಿನ್‌ನಲ್ಲಿ ಬಳ್ಳಿ ಮೂಡಿಸಿದ ನನ್ನ ಅನುಭವ

ಹೋದ ತಿಂಗಳು ಒಂದು ಮದುವೆಗೆ, ಮ್ಯಾಗ್ನೆಟ್‌ನಿಂದ ಬಳ್ಳಿ ಮೂಡಿಸಿದ ನಲವತ್ತು ಸೆಟ್ ರೆಸಿನ್ ಕೋಸ್ಟರ್ (ಲೋಟದ ಕೆಳಗೆ ಇಡುವ ಬಿಲ್ಲೆ) ಮಾಡಿಕೊಟ್ಟೆ. ರೆಸಿನ್ ಅಂದರೆ ಅಚ್ಚಿಗೆ ಹೊಯ್ದ ಮೇಲೆ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗುವ ದ್ರವ. ಸೆಟ್‌ಗೆ ನಾಲ್ಕರಂತೆ 160 ತುಂಡು. ಕೆಟ್ಟಿದ್ದು ಒಂಬತ್ತೋ ಹತ್ತೋ. ಎರಡು ವರ್ಷದ ಹಿಂದೆ ಹತ್ತು ಹೊಯ್ದರೆ ಎಂಟು ಕೆಡುತ್ತಿದ್ದವು. ರೆಸಿನ್ ಕೆಲಸ ಬಲ್ಲವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಾರ್ಡನರ್ (ರೆಸಿನ್ ಗಟ್ಟಿ ಮಾಡುವ ದ್ರವ) ಅಳತೆ, ಗುಳ್ಳೆ ತೆಗೆಯುವುದು ಇವೆಲ್ಲ ನಿಮಗೆ ಗೊತ್ತೇ ಇದೆ.

ಆಸೆ ಹುಟ್ಟಿದ್ದು ನಮ್ಮ ಬೀದರ್ ಕೋಟೆಯ ರಂಗೀನ್ ಮಹಲ್‌ನಲ್ಲಿ. ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ನೀವು ಒಂದು ಹೆಜ್ಜೆ ಸರಿದರೆ ಹೊಳಪೂ ಸರಿಯುತ್ತದೆ. ಬಣ್ಣ ಬಳಿದರೆ ಅದು ಬರಲ್ಲ. ಮ್ಯಾಗ್ನೆಟಿಕ್ ಪಿಗ್ಮೆಂಟ್‌ನಲ್ಲಿ, ಅಂದರೆ ಮ್ಯಾಗ್ನೆಟ್ಟಿಗೆ ತಿರುಗುವ ಬಣ್ಣದ ಪುಡಿಯಲ್ಲಿ, ಅದರ ಹತ್ತಿರಕ್ಕೆ ಬರುತ್ತದೆ. ಅದರ ಕಣಗಳು ಮಲಗಿದ ಕಡೆ ಬೆಳಕು, ಎದ್ದು ನಿಂತ ಕಡೆ ಕಪ್ಪು. ಉಗುರಿಗೆ ಹಚ್ಚುವ ಕ್ಯಾಟ್ ಐ ಪಾಲಿಶ್ ನೋಡಿದ್ದೀರಲ್ವಾ, ಅದೇ ಗುಣ.

ನಮ್ಮ ಓಣಿಯಲ್ಲಿ ಬಿದ್ರಿ ಕೆಲಸ ಮಾಡುವ ಕಾಕಾ ಮೊದಲ ತುಂಡು ನೋಡಿ, "ಗಟ್ಟಿ ಆಗೋತನಕ ಆ ಪುಡಿ ನಿಂದ್ರಂಗಿಲ್ಲ ಬಿಡಪ್ಪ, ಸುಮ್ನ ರೊಕ್ಕ ಹಾಳ" ಅಂದರು. ಆಗ ಅವರ ಮಾತು ನಿಜವೇ ಆಗಿತ್ತು. ಲೇತ್ ಅಂಗಡಿಯಿಂದ ಪುಕ್ಕಟೆ ಕಬ್ಬಿಣದ ಪುಡಿ ತಂದಿದ್ದೆ. ಅದು ಪೂರ್ತಿ ತಳ ಸೇರಿತು. ಸ್ಯಾಂಡ್ ಪೇಪರ್ ಹಾಕಿದ ತುಂಡಿಗೆ ಮಳೆಗಾಲದಲ್ಲಿ ತುಕ್ಕೂ ಬಂತು. ಆಮೇಲೆ ಸರಿಯಾದ ಪಿಗ್ಮೆಂಟ್ ತರಿಸಿದೆ. ರೆಸಿನ್ ತೂಕಕ್ಕೆ ನೂರಕ್ಕೆ ಐದರಷ್ಟು ಹಾಕಿದೆ, ಬರೀ ಕರಿ ಕೆಸರು. ಈಗ ಎರಡರ ಹತ್ತಿರ ಇರುತ್ತೇನೆ.

ದೊಡ್ಡ ತಪ್ಪು ಎರಡು. ಒಂದು, ಮ್ಯಾಗ್ನೆಟ್ ಮೇಲಿನಿಂದ ಹಿಡಿಯುತ್ತಿದ್ದೆ. ಮೇಲೆ ಚಂದದ ಬಳ್ಳಿ ಏಳುತ್ತಿತ್ತು. ಆದರೆ ಅಚ್ಚಿನಲ್ಲಿ ಹೊಯ್ದ ತುಂಡಿನ ಮುಖ ಇರುವುದು ಕೆಳಗೆ! ಬಿಡಿಸಿ ನೋಡಿದರೆ ಮುಖ ಖಾಲಿ, ಬಳ್ಳಿಯೆಲ್ಲ ಬೆನ್ನಿಗೆ. ಎರಡನೆಯದು, ನನ್ನ ಕಬ್ಬಿಣದ ಟೇಬಲ್. ಮ್ಯಾಗ್ನೆಟ್ಟಿನ ಎಳೆತವನ್ನು ಅದು ತನ್ನ ಕಡೆ ಎಳೆದುಕೊಂಡು, ಒಂದೊಂದು ತುಂಡು ಒಂದೊಂದು ಥರ ಬರುತ್ತಿತ್ತು. ಇದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ಈಗ ಕಡಪಾ ಕಲ್ಲಿನ ಮೇಲೆ ಮಾಡುತ್ತೇನೆ.

ಹೈದರಾಬಾದಿನ ಕೋಟಿಗೆ ಹೋಗಿ ಸುಮಾರು ಆರು ಸಾವಿರಕ್ಕೆ ತುಂಬಾ ಬಲದ ನಿಯೋಡಿಮಿಯಂ ಮ್ಯಾಗ್ನೆಟ್ ತಂದಿದ್ದೆ. ಚಳಿಗಾಲದಲ್ಲಿ ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಅಚ್ಚಿನ ಜೊತೆ ಅವನ್ನೂ ಓವನ್‌ಗೆ ಇಟ್ಟೆ. ಸಾಮಾನ್ಯ ನಿಯೋಡಿಮಿಯಂ 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ, ಆರಿದ ಮೇಲೂ ಪೂರ್ತಿ ಮರಳಿ ಬರಲ್ಲ. ಅರ್ಧಕ್ಕರ್ಧ ಹೋದವು. ರೆಸಿನ್, ಪಿಗ್ಮೆಂಟ್, ಅಚ್ಚು, ಬಸ್ ಚಾರ್ಜ್ ಎಲ್ಲ ಸೇರಿ ಗೆಲ್ಲುವ ಮೊದಲು 38 ಸಾವಿರ ಹೋಗಿರಬೇಕು. ಮನೆಯಲ್ಲಿ 20 ಅಂತ ಹೇಳಿದ್ದೆ.

ಆ ನಷ್ಟದಿಂದಲೇ ದಾರಿ ಸಿಕ್ಕಿತು. ಬೇರೆ ಕೊಳ್ಳಲು ದುಡ್ಡಿಲ್ಲದೆ ಹಳೆಯ ಸ್ಪೀಕರ್ ಬಿಚ್ಚಿ ಅದರ ಕರಿ ಫೆರೈಟ್ ಮ್ಯಾಗ್ನೆಟ್ ಉಂಗುರ ಇಟ್ಟೆ. ಅದರ ಬಲ ಕಡಿಮೆ, ಹರಡುವ ಜಾಗ ಜಾಸ್ತಿ. ನಿಯೋಡಿಮಿಯಂ ಮ್ಯಾಗ್ನೆಟ್ ಪುಡಿಯನ್ನು ಗುಡ್ಡೆ ಹಾಕುತ್ತಿತ್ತು, ಇದು ಮೆಲ್ಲಗೆ ಬಾಚಿದಂತೆ ಬಾಚಿತು. ಆಮೇಲೆ ಚಪ್ಪಟೆ ಫೆರೈಟ್ ತುಂಡುಗಳನ್ನು ಜೋಡಿಸಿ, ಅದರ ಮೇಲೆ ಒಂದು ಮಿಲಿಮೀಟರ್ ಕಬ್ಬಿಣದ ತಗಡಿನಲ್ಲಿ ಬಳ್ಳಿ ಕತ್ತರಿಸಿಟ್ಟೆ. ತಗಡಿನ ಅಂಚಿನಲ್ಲಿ ಎಳೆತ ಒತ್ತಾಗುತ್ತದೆ, ಆ ಅಂಚೇ ರೆಸಿನ್‌ನಲ್ಲಿ ಗೆರೆಯಾಗುತ್ತದೆ. ಅಚ್ಚಿನ ತಳ ಮಾತ್ರ ಎರಡು ಮಿಲಿಮೀಟರ್ ದಾಟಬಾರದು. ಅಂಗಡಿಯ ಅಚ್ಚಿನ ತಳ ದಪ್ಪ, ಗೆರೆ ಮಸುಕಾಗುತ್ತದೆ. ನಾನೇ ತೆಳ್ಳಗೆ ಹೊಯ್ದುಕೊಂಡೆ.

ಹೊಯ್ಯುವುದು ಮೂರು ಸಲ. ಮೊದಲು ತೆಳ್ಳಗೆ ಬರೀ ರೆಸಿನ್. ಅದು ಅಂಟಂಟಾದಾಗ ಪಿಗ್ಮೆಂಟ್ ಸೇರಿಸಿದ್ದು. ಕೊನೆಗೆ ಬೆನ್ನಿಗೆ ಕಪ್ಪು. ಮೊದಲ ಪದರದಿಂದಲೇ ಆಳ ಬರುವುದು, ಬಿಡಬೇಡಿ.

ಎಲ್ಲ ನಿಂತಿರುವುದು ಸಮಯದ ಮೇಲೆ. ಪಿಗ್ಮೆಂಟ್ ಪದರ ನೀರಾಗಿರುವಾಗ ಮ್ಯಾಗ್ನೆಟ್ ಇಟ್ಟರೆ ಪುಡಿ ಓಡಿಹೋಗಿ ಮುದ್ದೆಯಾಗುತ್ತದೆ. ತಡವಾದರೆ ಅಲುಗಲ್ಲ. ಉಂಡಿಗೆ ಬೆಲ್ಲದ ಪಾಕ ನೋಡುತ್ತೇವಲ್ಲ, ಹಾಗೆ ಕಡ್ಡಿ ಎತ್ತಿ ನೋಡುತ್ತೇನೆ. ಎಳೆ ಬಂತೋ, ಮ್ಯಾಗ್ನೆಟ್ ಕೆಳಗೆ. ನನ್ನ ರೆಸಿನ್‌ಗೆ ಮೇ ತಿಂಗಳಲ್ಲಿ ಮುಕ್ಕಾಲು ಗಂಟೆ ಸಾಕು, ಜನವರಿಯಲ್ಲಿ ಎರಡೂವರೆ ಗಂಟೆ. ಇಟ್ಟ ಮೇಲೆ ಗಟ್ಟಿಯಾಗುವವರೆಗೆ ತೆಗೆಯಬಾರದು. ತೆಗೆದರೆ ಕಾಕಾ ಹೇಳಿದ್ದೇ ಆಗುತ್ತದೆ, ಕಣ ನಿಲ್ಲಲ್ಲ. ನಡುವೆ ಒಮ್ಮೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಗೆರೆ ಕೂದಲೆಳೆಯಾಗುವುದು ಅದರಿಂದ. ಅದನ್ನು ಇಲ್ಲಿ ಬರೆಯಲ್ಲ.

ಫ್ರಿಜ್‌ಗೆ ಅಂಟಿಸುವ ಜಾಹೀರಾತಿನ ರಬ್ಬರ್ ಮ್ಯಾಗ್ನೆಟ್ ಕೂಡ ಇಟ್ಟು ನೋಡಿ. ಇಳಕಲ್ ಸೀರೆಯ ಗೆರೆಗಳಂತೆ ಸಾಲು ಸಾಲು ಪಟ್ಟೆ ಬರುತ್ತವೆ. ಕತ್ತರಿಯಿಂದ ಕತ್ತರಿಸಿ ಓರೆಯಾಗಿ ಜೋಡಿಸಿದರೆ ಚಾಪೆ ಹೆಣಿಗೆ ಮೂಡುತ್ತದೆ. ಖರ್ಚಿಲ್ಲ.

ಒಂದು ಮಾತು. ಕಪ್ಪಿನ ಮೇಲೆ ಬೆಳ್ಳಿ ಬಣ್ಣದ ಬಳ್ಳಿ ನೋಡಿ ಕೆಲವರು ಬಿದ್ರಿ ಅಂತ ಮಾರಲು ಕೇಳಿದರು. ನಾನು ಒಪ್ಪಲಿಲ್ಲ. ಬಿದ್ರಿ ಅಂದರೆ ಸತು, ತಾಮ್ರ, ಬೆಳ್ಳಿ ತಂತಿ, ಕೋಟೆಯ ಮಣ್ಣು. ಅದಕ್ಕೆ ಜಿಐ ಗುರುತೂ (ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು) ಇದೆ. ಕಾಕಾನ ಅನ್ನಕ್ಕೆ ಕೈ ಹಾಕುವ ಕೆಲಸ ನನಗೆ ಬೇಡ. ನನ್ನ ಡಬ್ಬಿಯ ಮೇಲೆ ರೆಸಿನ್ ಅಂತಲೇ ಇರುತ್ತದೆ. ಸೆಟ್‌ಗೆ 650 ರೂಪಾಯಿ, ಖರ್ಚು 270 ಆಸುಪಾಸು.

ಈಗ ಹನ್ನೆರಡು ಇಂಚಿನ ಟ್ರೇ ಹಿಡಿದಿದ್ದೇನೆ. ಅಷ್ಟಗಲಕ್ಕೆ ಫೆರೈಟ್ ತುಂಡು ಜೋಡಿಸಿದರೆ ಸಂದಿಯೂ ಗೆರೆಯಾಗಿ ಮೂಡುತ್ತಿದೆ. ಮೂರು ಟ್ರೇ ಕೆಟ್ಟಿವೆ. ಸಂದಿ ಮುಚ್ಚಲು ಫೆರೈಟ್ ತುಂಡುಗಳ ಅಡಿಯಲ್ಲೊಂದು ದಪ್ಪ ಕಬ್ಬಿಣದ ಹಲಗೆ ಕೊಟ್ಟು ನೋಡಬೇಕು ಅಂತಿದ್ದೇನೆ. ಯಾರಾದರೂ ಈಗಾಗಲೇ ಮಾಡಿದ್ದರೆ ಹೇಳಿ, ಒಂದು ಕೆಜಿ ರೆಸಿನ್ ಉಳಿಯುತ್ತದೆ.