ಒಂದು ಊರಿಗೆ ಮೂರು ಹೆಸರು: ಗ್ರಾಫ್ ಡೇಟಾಬೇಸಿನಲ್ಲಿ ಅರೇ ಹುಡುಕಿದ ನನ್ನ ಅನುಭವ

ಕುಂಬಳೆ, ಕುಂಬ್ಳೆ, ಕುಂಬಳ. ಊರು ಒಂದೇ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ನೆರೆಮನೆಯ ನಿವೃತ್ತ ಮಾಷ್ಟ್ರು ಕೂಡಿಟ್ಟ ಯಕ್ಷಗಾನದ ಕರಪತ್ರಗಳಲ್ಲಿ ಮೂರೂ ರೂಪ ಇವೆ. ಮೇಳ, ಪ್ರಸಂಗ, ವೇಷಧಾರಿ, ಆಟ ಆದ ಜಾಗ ಇವುಗಳ ನಡುವಿನ ಸಂಬಂಧವೇ ನಮಗೆ ಮುಖ್ಯವಾಗಿದ್ದರಿಂದ ಎಲ್ಲವನ್ನೂ ನಿಯೋಫೋರ್‌ಜೆಗೆ ಹಾಕತೊಡಗಿದೆ. ಅದು ಮಾಹಿತಿಯನ್ನು ಬಿಂದುಗಳಾಗಿ (ನೋಡ್), ಅವುಗಳನ್ನು ಜೋಡಿಸುವ ಗೆರೆಗಳಾಗಿ (ಸಂಬಂಧ) ಇಡುವ ಗ್ರಾಫ್ ಡೇಟಾಬೇಸ್. ಪ್ರತಿ ಊರಿಗೆ ಒಂದು ನೋಡ್, ಅದರಲ್ಲಿ ‘ಹೆಸರುಗಳು’ ಎಂಬ ಅರೇ, ಅಂದರೆ ಪಟ್ಟಿ, ಅದರ ಮೇಲೊಂದು ಇಂಡೆಕ್ಸ್, ಅಂದರೆ ಬೇಗ ಹುಡುಕಲು ಬೇಕಾದ ಸೂಚಿ. ಇಷ್ಟು ಸಾಕು ಅಂದುಕೊಂಡಿದ್ದೆ.

ಹಾಗೆ ನಂಬಲು ಕಾರಣವಿತ್ತು. ಅದಕ್ಕೆ ಮೊದಲು ನಾನು ಕೆಲಸ ಮಾಡಿದ್ದು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ. ಅಲ್ಲಿ ಅರೇ ಕಾಲಮ್ಮಿಗೆ ಜಿನ್ ಎಂಬ ಬಗೆಯ ಇಂಡೆಕ್ಸ್ ಹಾಕಿದರೆ ಒಳಗಿನ ಒಂದೊಂದು ಅಂಶವೂ ಸಿಗುತ್ತದೆ. ಮೊಂಗೊಡಿಬಿ ಎಂಬ ಡೇಟಾಬೇಸಿನ ಮಲ್ಟಿಕೀ ಇಂಡೆಕ್ಸೂ ಹಾಗೆಯೇ. ನಿಯೋಫೋರ್‌ಜೆಯಲ್ಲಿ ನಾನು ಹಾಕಿದ್ದ ರೇಂಜ್ ಇಂಡೆಕ್ಸ್ ಮಾತ್ರ ಇಡೀ ಪಟ್ಟಿಯನ್ನು ಒಂದೇ ಮೌಲ್ಯವಾಗಿ ಹಿಡಿಯುತ್ತದೆ. ಪಟ್ಟಿಯನ್ನು ಪೂರ್ತಿಯಾಗಿ, ಅದೇ ಕ್ರಮದಲ್ಲಿ ಕೊಟ್ಟರೆ ತಟ್ಟನೆ ಸಿಗುತ್ತದೆ. ಒಂದೇ ಹೊಳೆಯ ಎರಡು ಹೆಸರುಗಳನ್ನು ‘ಚಂದ್ರಗಿರಿ, ಪಯಸ್ವಿನಿ’ ಎಂದು ಇಟ್ಟು, ‘ಪಯಸ್ವಿನಿ, ಚಂದ್ರಗಿರಿ’ ಎಂದು ಕೇಳಿದರೆ ಸಿಗುವುದಿಲ್ಲ. ಇವೆರಡರಲ್ಲಿ ಒಂದೇ ಹೆಸರು ಗೊತ್ತಿದ್ದವನಿಗೆ ಆ ಇಂಡೆಕ್ಸಿನಿಂದ ಏನೂ ಪ್ರಯೋಜನವಿಲ್ಲ.

ಇದು ಬೆಳಕಿಗೆ ಬಂದದ್ದು ಕರಪತ್ರಗಳ ಸಾಲುಗಳನ್ನು ಊರಿನ ನೋಡುಗಳಿಗೆ ಜೋಡಿಸುವಾಗ. ರಾತ್ರಿ ಹಚ್ಚಿಟ್ಟ ಕೆಲಸ ಬೆಳಿಗ್ಗೆಯಾದರೂ ಮುಗಿದಿರಲಿಲ್ಲ. “ಎಂತ ಮಾರಾಯ, ಇನ್ನೂ ತಿರುಗ್ತಾ ಉಂಟಾ?” ಎಂದು ಮಾಷ್ಟ್ರು ಕೇಳಿದರು. ಡೇಟಾಬೇಸಿಗೆ ಕೊಡುವ ಪ್ರಶ್ನೆಯ, ಅಂದರೆ ಕ್ವೆರಿಯ ಮುಂದೆ, ಅದು ಹೇಗೆ ಓಡಿತು ಎಂದು ತೋರಿಸುವ ‘ಪ್ರೊಫೈಲ್’ ಪದ ಸೇರಿಸಿ ಒಂದೇ ಸಾಲಿಗೆ ಓಡಿಸಿ ನೋಡಿದೆ. ಇಂಡೆಕ್ಸಿನಿಂದ ನೇರ ಹುಡುಕುವ ‘ಇಂಡೆಕ್ಸ್ ಸೀಕ್’ ಇರಬೇಕಾದಲ್ಲಿ ‘ನೋಡ್ ಬೈ ಲೇಬಲ್ ಸ್ಕ್ಯಾನ್’ ಇತ್ತು. ಅಂದರೆ ಒಂದೊಂದು ಕರಪತ್ರಕ್ಕೂ ಇರುವ ಊರನ್ನೆಲ್ಲ ಸುತ್ತಿ ಬರುತ್ತಿತ್ತು.

ಇಲ್ಲಿ ದಾರಿ ತಪ್ಪಿಸುವುದು ಕ್ವೆರಿಯಲ್ಲಿ ಬರೆಯುವ ‘ಇನ್’ (ಒಳಗೆ) ಎಂಬ ಪದ. ನೋಡಿನ ಒಂಟಿ ಹೆಸರು ನಾನು ಕೊಟ್ಟ ಪಟ್ಟಿಯಲ್ಲಿದೆಯೇ ಎಂದು ಕೇಳಿದರೆ ಇಂಡೆಕ್ಸ್ ಬಳಕೆಯಾಗುತ್ತದೆ. ನಾನು ಕೊಟ್ಟ ಹೆಸರು ನೋಡಿನ ಪಟ್ಟಿಯಲ್ಲಿದೆಯೇ ಎಂದು ಕೇಳಿದರೆ ಆಗುವುದಿಲ್ಲ. ಬರೆಯುವ ರೀತಿ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಕಣ್ಣಿಗೆ ಬೀಳುವುದು ಕಷ್ಟ.

ಫುಲ್‌ಟೆಕ್ಸ್ಟ್ ಇಂಡೆಕ್ಸನ್ನೂ ಪ್ರಯತ್ನಿಸಿದೆ. ಪಠ್ಯದ ಒಳಗಿನ ಪದಗಳನ್ನು ಹುಡುಕುವ ಆ ಬಗೆ ಲೂಸೀನ್ ಎಂಬ ಹುಡುಕಾಟದ ತಂತ್ರಾಂಶದ ಮೇಲೆ ನಿಂತದ್ದು. ಹುಡುಕುವ ಪೆಟ್ಟಿಗೆಗೆ ಒಳ್ಳೆಯದೇ, ಈಗಲೂ ಇಟ್ಟುಕೊಂಡಿದ್ದೇನೆ. ಆದರೆ ನಮ್ಮ ವಿಭಕ್ತಿ ಪ್ರತ್ಯಯ ಅದಕ್ಕೆ ಗೊತ್ತಿಲ್ಲ. ‘ಮಧೂರಿನಲ್ಲಿ’ ಎಂದರೆ ‘ಮಧೂರು’ ಸಿಗದು. ದಾಖಲೆ ಜೋಡಿಸುವ ಕೆಲಸಕ್ಕೆ ಅಂಕ ಕೊಟ್ಟು ಸಾಲುಗಟ್ಟಿಸುವ ಹುಡುಕಾಟಕ್ಕಿಂತ ಹೌದು-ಅಲ್ಲ ಎನ್ನುವ ಉತ್ತರವೇ ಬೇಕು.

ಕೊನೆಗೆ ಅರೇ ಬಿಚ್ಚಿದೆ. ಪಟ್ಟಿಯನ್ನು ಬಿಡಿ ಸಾಲುಗಳಾಗಿಸುವ ‘ಅನ್‌ವೈಂಡ್’ ಬಳಸಿ ಪ್ರತಿ ಹೆಸರನ್ನೂ ‘ಹೆಸರು’ ಎಂಬ ಸ್ವತಂತ್ರ ನೋಡ್ ಮಾಡಿ, ಊರಿನಿಂದ ಅದಕ್ಕೊಂದು ಸಂಬಂಧ ಎಳೆದೆ. ಮೊದಲೇ ಹೆಸರಿನ ಪಠ್ಯಕ್ಕೆ ಯೂನಿಕ್ ಕನ್‌ಸ್ಟ್ರೇಂಟ್, ಅಂದರೆ ಒಂದೇ ಮೌಲ್ಯ ಎರಡು ಸಲ ಬರಬಾರದೆಂಬ ನಿಯಮ, ಹಾಕಿಕೊಳ್ಳಬೇಕು. ಅದರ ಜೊತೆಗೆ ಇಂಡೆಕ್ಸ್ ತಾನಾಗಿ ಬರುತ್ತದೆ, ಇದ್ದರೆ ಅದನ್ನೇ ಬಳಸಿ ಇಲ್ಲದಿದ್ದರೆ ಹುಟ್ಟಿಸುವ ‘ಮರ್ಜ್’ ಮಾಡುವಾಗ ಒಂದೇ ಹೆಸರು ಎರಡು ಸಲ ಹುಟ್ಟುವುದಿಲ್ಲ. ಹುಡುಕಾಟ ಈಗ ಹೆಸರಿನಿಂದ ಶುರುವಾಗಿ ಒಂದು ಹೆಜ್ಜೆಯಲ್ಲಿ ಊರಿಗೆ ತಲುಪುತ್ತದೆ. ರಾತ್ರಿಯಿಡೀ ತಿರುಗುತ್ತಿದ್ದ ಜೋಡಣೆ ಮಾಷ್ಟ್ರು ಚಾ ಕುಡಿದು ಮುಗಿಸುವಷ್ಟರಲ್ಲಿ ಆಯಿತು.

ಕನ್ನಡದವರು ಇನ್ನೊಂದು ವಿಷಯ ಗಮನಿಸಬೇಕು. ‘ಗೋ’ ಅಕ್ಷರದ ಸ್ವರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಕಾಸರಗೋಡೇ, ಇಂಡೆಕ್ಸಿಗೆ ಬೇರೆ ಬೇರೆ. ಎಲ್ಲ ಹೆಸರನ್ನೂ ಎನ್‌ಎಫ್‌ಸಿ ಎಂಬ, ಬಿಡಿ ಚಿಹ್ನೆಗಳನ್ನು ಕೂಡಿಸಿದ ಯೂನಿಕೋಡ್ ರೂಪಕ್ಕೆ ತಂದ ಮೇಲಷ್ಟೇ ಒಳಗೆ ಹಾಕಿ, ಹುಡುಕುವ ಪದಕ್ಕೂ ಅದನ್ನೇ ಮಾಡಿ.

ಅರೇಯಲ್ಲಿ ಬರೀ ಪಟ್ಟಿಯಾಗಿದ್ದ ಹೆಸರುಗಳಿಗೆ ಈಗ ಮಾತಾಡಲು ಜಾಗ ಸಿಕ್ಕಿದೆ. ಯಾವ ಭಾಷೆಯ ರೂಪ, ಯಾವ ಕರಪತ್ರದಲ್ಲಿ ಕಂಡದ್ದು ಎಂಬುದನ್ನು ಸಂಬಂಧದ ಮೇಲೆಯೇ ಬರೆದಿಡುತ್ತೇನೆ. ಸುಳ್ಯದ ಕಡೆ ಪಯಸ್ವಿನಿಯಾಗಿ ಹರಿಯುವ ಹೊಳೆ ಕಾಸರಗೋಡಿಗೆ ಬರುವಾಗ ಚಂದ್ರಗಿರಿ, ಆ ವಿವರವೂ ಅಲ್ಲೇ ಕೂರುತ್ತದೆ. ಹೊಸದುರ್ಗ ಎಂಬ ಒಂದು ಹೆಸರಿನ ನೋಡಿನಿಂದ ಎರಡು ಗೆರೆ ಹೊರಡುತ್ತವೆ: ಒಂದು ನಮ್ಮ ಜಿಲ್ಲೆಯದಕ್ಕೆ, ಇನ್ನೊಂದು ಚಿತ್ರದುರ್ಗ ಜಿಲ್ಲೆಯದಕ್ಕೆ. ಅಂಥದ್ದು ಬಂದಾಗ ಎರಡನ್ನೂ ತೋರಿಸಿ ಮಾಷ್ಟ್ರನ್ನು ಕೇಳುತ್ತೇನೆ. ಅವರು ಮೇಳದ ಹೆಸರು ನೋಡಿ, ಆ ವಾರ ಮೇಳ ಯಾವ ಸೀಮೆಯಲ್ಲಿತ್ತು ಎಂದು ಉಳಿದ ಕರಪತ್ರಗಳಲ್ಲಿ ಹುಡುಕಿ ಹೇಳುತ್ತಾರೆ.