ಜಲ್ಲಿಗೆ ಅಂಟಿದ್ದ ಹಳೇ ಗಾರೆ

ಬೆಂಗಳೂರಿನ ಯಲಹಂಕ ಕಡೆ ಒಂದು ಮನೆಯ ಅಂಗಳಕ್ಕೆ ನಾನು ಮೊದಲ ಸಲ ನೀರಿಂಗುವ ಕಾಂಕ್ರೀಟು ಹಾಕಿದೆ. ಜಲ್ಲಿ ಪೂರ್ತಿ ಹಳೇ ಕಟ್ಟಡ ಒಡೆದು ಪುಡಿ ಮಾಡಿದ್ದು. ಮಳೆಗಾಲ ಮುಗಿಯುವಷ್ಟರಲ್ಲಿ ಕಾರು ತಿರುಗಿಸುವ ಕಡೆಯೆಲ್ಲ ಕಲ್ಲು ಕಿತ್ತು ಬಂತು. ಮನೆಯ ಅಮ್ಮ ದಿನಾ ಬೆಳಿಗ್ಗೆ ಗುಡಿಸಿ, ಬಾಂಡ್ಲಿಯಲ್ಲಿ ಜಲ್ಲಿ ತುಂಬಿಡುತ್ತಿದ್ದರು. ಅದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು.

ಸಿಮೆಂಟು ಕಡಿಮೆಯಾಯಿತು ಅಂತ ಮೇಸ್ತ್ರಿ ಹೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಎದ್ದು ಬಂದ ಒಂದು ಕಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಹೊಸ ಸಿಮೆಂಟು ಚೆನ್ನಾಗಿಯೇ ಕಚ್ಚಿಕೊಂಡಿತ್ತು. ಬಿಟ್ಟುಕೊಂಡಿದ್ದು ಅದರ ಕೆಳಗಿನ ಹಳೇ ಗಾರೆ. ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು.

ಈ ಕಾಂಕ್ರೀಟಿನಲ್ಲಿ ಮರಳು ಇರುವುದಿಲ್ಲ, ಇದ್ದರೂ ಸ್ವಲ್ಪ. 15ರಿಂದ 25 ಪರ್ಸೆಂಟ್ ಜಾಗ ಖಾಲಿ, ನೀರು ಇಳಿಯುವುದೇ ಅಲ್ಲಿಂದ. ಜಲ್ಲಿಗೆ ಜಲ್ಲಿ ಮುಟ್ಟುವ ಕಡೆ ಮಾತ್ರ ಹಿಡಿತ. ಆ ಹಿಡಿತದ ಹಿಂದೆ ಸಡಿಲ ಗಾರೆ ಇದ್ದರೆ ಮೇಲೆ ಎಷ್ಟು ಸಿಮೆಂಟು ಬಳಿದು ಏನು ಪ್ರಯೋಜನ, ಅಲ್ವಾ? ಸಿಮೆಂಟು ಹಾಲು ಜಾಸ್ತಿಯಾದರೆ ಕೆಳಗೆ ಇಳಿದು ತಳದ ರಂಧ್ರ ಮುಚ್ಚುತ್ತದೆ. ನೀರು ಅಲ್ಲೇ ನಿಲ್ಲುತ್ತದೆ.

ಇನ್ನೊಂದು ತೊಂದರೆ, ಹಳೇ ಗಾರೆ ನೀರು ಕುಡಿಯುತ್ತದೆ. ಒಳ್ಳೆ ಗ್ರಾನೈಟ್ ಜಲ್ಲಿ ಸಾಮಾನ್ಯವಾಗಿ 1 ಪರ್ಸೆಂಟ್ ಕೂಡ ಹೀರುವುದಿಲ್ಲ. ನನ್ನ ಹತ್ತಿರ ಉಳಿದಿದ್ದ ಹಳೇ ಜಲ್ಲಿ ಒಣಗಿಸಿ 2 ಕೆಜಿ ತೂಗಿದೆ. ಒಂದು ದಿನ ನೆನೆಹಾಕಿ, ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿದರೆ 140 ಗ್ರಾಂ ಜಾಸ್ತಿ. ಅಂದರೆ 7 ಪರ್ಸೆಂಟ್! ಈ ಕಾಂಕ್ರೀಟಿಗೆ ಹಾಕುವ ನೀರೇ ಸಿಮೆಂಟಿನ ತೂಕದ ಮೂರನೇ ಒಂದು ಭಾಗದಷ್ಟು. ಅದನ್ನೂ ಜಲ್ಲಿ ಎಳೆದುಕೊಂಡರೆ ಸಿಮೆಂಟಿಗೆ ನೀರು ಸಾಲುವುದಿಲ್ಲ.

ಆ ಅಂಗಳ ಅಗೆದು ಮತ್ತೆ ಹಾಕಿದೆ. ಈ ಸಲ ಒಡೆದ ಕಾಂಕ್ರೀಟಿನ ಜಲ್ಲಿಯನ್ನಷ್ಟೇ ಆರಿಸಿದೆ. ಇಟ್ಟಿಗೆ ಚೂರು, ಪ್ಲಾಸ್ಟರ್, ಟೈಲ್ಸ್ ಎಲ್ಲ ಹೊರಗೆ. ಖಾಲಿ ಮಿಕ್ಸರ್‌ನಲ್ಲಿ ಜಲ್ಲಿ ಹಾಕಿ ಸುಮ್ನೆ ತಿರುಗಿಸಿದರೆ ಸಡಿಲ ಗಾರೆ ತಾನಾಗಿ ಕಳಚುತ್ತದೆ. ಆಮೇಲೆ ಜರಡಿ ಹಿಡಿದು, ಕೆಸರು ನೀರು ತಿಳಿಯಾಗುವ ತನಕ ತೊಳೆದೆವು. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಮೈ ಮೇಲಿನ ನೀರು ಆರಿದ ಮೇಲೆ ಕಲಸಿದೆವು. ಕಾಂಕ್ರೀಟಿನ ಜಲ್ಲಿ, ಮರಳಿಗೆ ಇರುವ ಭಾರತೀಯ ಮಾನದಂಡ ಐಎಸ್ 383ರ 2016ರ ಆವೃತ್ತಿ ಕಬ್ಬಿಣ ಹಾಕದ ಕಾಂಕ್ರೀಟಿಗೆ ಇಂಥ ಜಲ್ಲಿಯನ್ನು 25 ಪರ್ಸೆಂಟ್ ತನಕ ಒಪ್ಪುತ್ತದೆ. ನಾನೂ ಅಷ್ಟೇ ಸೇರಿಸಿ, ಉಳಿದದ್ದು ಹೊಸ ಜಲ್ಲಿ ಹಾಕಿದೆ.

ಕಲಸಿದ್ದನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಹಾಲು ಸೋರಬಾರದು. ಹಾಸಿದ ತಕ್ಷಣ ಪ್ಲಾಸ್ಟಿಕ್ ಹಾಳೆ ಮುಚ್ಚಿ 7 ದಿನ ತೆಗೆಯಲಿಲ್ಲ.

ಕಾಂಕ್ರೀಟು ಹಾಕಿದ ದಿನ ಕೊನೆಗೆ ಕತ್ತಲಾಯಿತು. ನಲ್ಲಿಯ ಹತ್ತಿರದ ಮೂಲೆಗೆ ಕೆಲಸದವರು ತೊಳೆಯದ ಜಲ್ಲಿಯನ್ನೇ ಸೇರಿಸಿಬಿಟ್ಟರು. ನಾನೂ ಬೇಡ ಅನ್ನಲಿಲ್ಲ. ಮೂರು ಮಳೆಗಾಲ ಆಯಿತು. ಉಳಿದ ಅಂಗಳ ಗಟ್ಟಿಯಾಗಿದೆ, ಒಂದು ಬಕೆಟ್ ನೀರು ಸುರಿದರೆ ನೋಡನೋಡುತ್ತಲೇ ಇಂಗುತ್ತದೆ. ಕಾರಿನ ಚಕ್ರ ತಾಗದ ಆ ಮೂಲೆಯಲ್ಲಿ ಮಾತ್ರ ಕಲ್ಲು ಎದ್ದಿದೆ. ಬರುವ ಬೇಸಿಗೆಯಲ್ಲಿ ಅದನ್ನೂ ತೆಗೆದು ಸರಿಯಾಗಿ ಹಾಕಿಕೊಡುತ್ತೇನೆ ಅಂತ ಅಮ್ಮನಿಗೆ ಹೇಳಿದ್ದೇನೆ.