ಕರೆಂಟು ಬಂದಮೇಲೆ ನಿಮ್ಮ ಸರ್ವರ್ ತಾನೇ ಏಳುತ್ತಾ?

ಸರ್ವರ್‌ನ ಬಯೋಸ್‌ಗೆ (ಆಪರೇಟಿಂಗ್ ಸಿಸ್ಟಮ್‌ಗೂ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಮ್‌ನ ಸೆಟಿಂಗ್ ಪುಟಗಳಿಗೆ) ಹೋದವರು ಮೊದಲು ಮಾಡುವ ಕೆಲಸ ಪಾಸ್‌ವರ್ಡ್ ಹಾಕುವುದು. ನಾನೂ ಹಾಗೇ ಮಾಡಿದ್ದೆ. ಎರಡು ಜಾಗ ಕಂಡವು, ಎರಡಕ್ಕೂ ಹಾಕಿದೆ. ಆಮೇಲೊಂದು ರಾತ್ರಿ ಕರೆಂಟು ಹೋಗಿ ಬಂತು, ಸರ್ವರ್ ಆನ್ ಆಗಿ ಬೆಳಗಿನವರೆಗೂ ಖಾಲಿ ಕೋಣೆಯ ಹತ್ತಿರ ಪಾಸ್‌ವರ್ಡ್ ಕೇಳುತ್ತಾ ನಿಂತಿತ್ತು. ಆವತ್ತಿನಿಂದ ಯಾವ ಸೆಟಿಂಗ್ ಮುಟ್ಟಿದರೂ ಒಂದೇ ಪ್ರಶ್ನೆ: ಯಾರೂ ಇಲ್ಲದಾಗ ಇದು ತಾನೇ ಏಳುತ್ತಾ?

ಒಳಗೆ ಹೋಗುವುದು ಸುಲಭ. ಆನ್ ಆಗುವಾಗ ಡೆಲ್ ಆದರೆ ಎಫ್2, ಎಚ್‌ಪಿಇ ಆದರೆ ಎಫ್9, ಲೆನೊವೊ ಥಿಂಕ್‌ಸಿಸ್ಟಮ್ ಆದರೆ ಎಫ್1, ಸೂಪರ್‌ಮೈಕ್ರೊ ಆದರೆ ಡಿಲೀಟ್ ಕೀ ಒತ್ತಿ. ಮೆಮೊರಿ ಜಾಸ್ತಿ ಇದ್ದರೆ ಪರದೆ ಬರಲು ಕೆಲವು ನಿಮಿಷವೇ ಹಿಡಿಯುತ್ತದೆ, ಕೆಟ್ಟುಹೋಯಿತು ಅಂತ ಆಫ್ ಮಾಡಬೇಡಿ. ಏನನ್ನೂ ಬದಲಿಸುವ ಮುಂಚೆ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಇದ್ದರೆ ಮೊದಲೇ ಸಸ್ಪೆಂಡ್ (ತಾತ್ಕಾಲಿಕವಾಗಿ ನಿಲ್ಲಿಸುವುದು) ಮಾಡಿ ಬನ್ನಿ. ಇಲ್ಲದಿದ್ದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು, ಆ ಕೀ ಅದೇ ಸರ್ವರ್ ಒಳಗಿದ್ದರೆ ಕಥೆ ಮುಗಿಯಿತು.

ಈಗ ಪಾಸ್‌ವರ್ಡ್. ಸೆಟಪ್ ಪಾಸ್‌ವರ್ಡ್ ಸೆಟಿಂಗ್ ಬದಲಿಸುವವರನ್ನು ತಡೆಯುತ್ತದೆ, ಅದನ್ನು ಹಾಕಿ. ಪವರ್-ಆನ್ ಪಾಸ್‌ವರ್ಡ್ ಸರ್ವರನ್ನೇ ತಡೆಯುತ್ತದೆ, ಅದನ್ನು ಖಾಲಿ ಬಿಡಿ. ಪಾಸ್‌ವರ್ಡ್ ಅಳಿಸಲು ಬೋರ್ಡ್ ಮೇಲೆ ಸಾಮಾನ್ಯವಾಗಿ ಒಂದು ಜಂಪರ್ (ಪಿನ್‌ಗಳನ್ನು ಜೋಡಿಸುವ ಪುಟ್ಟ ಕ್ಯಾಪ್) ಇರುತ್ತದೆ, ಹಾಗಾಗಿ ರ‍್ಯಾಕ್‌ಗೆ ಬೀಗ ಇಲ್ಲದಿದ್ದರೆ ಇದೂ ಇದ್ದೂ ಇಲ್ಲದ ಹಾಗೆ.

ಸೆಕ್ಯೂರ್ ಬೂಟ್ ಆನ್ ಇದ್ದರೆ ಡಿಜಿಟಲ್ ಸಹಿ ಇಲ್ಲದ ಬೂಟ್ ಲೋಡರ್ (ಆಪರೇಟಿಂಗ್ ಸಿಸ್ಟಮ್ ಶುರು ಮಾಡುವ ಪ್ರೋಗ್ರಾಮ್) ಓಡುವುದಿಲ್ಲ. ಅದಕ್ಕೆ ಯುಇಎಫ್‌ಐ ಎಂಬ ಹೊಸ ರೀತಿಯ ಬೂಟ್ ಮೋಡ್ ಬೇಕು. ಲೆಗಸಿ ಎಂಬ ಹಳೆಯ ಮೋಡ್‌ನಲ್ಲಿ ಇನ್‌ಸ್ಟಾಲ್ ಮಾಡಿದ ಹಳೆಯ ಸರ್ವರನ್ನು ಸುಮ್ನೆ ಯುಇಎಫ್‌ಐಗೆ ತಿರುಗಿಸಿದರೆ ಬೂಟ್ ಆಗದೆ ನಿಲ್ಲುತ್ತದೆ, ಅಂಥದ್ದನ್ನು ಸದ್ಯಕ್ಕೆ ಹಾಗೇ ಬಿಡಿ. ಟಿಪಿಎಂ (ಎನ್‌ಕ್ರಿಪ್ಶನ್ ಕೀ ಕಾಪಾಡುವ ಚಿಪ್) ಆನ್ ಇರಲಿ, ಅಲ್ಲೇ ಕಾಣುವ 'ಕ್ಲಿಯರ್' ಮಾತ್ರ ಒತ್ತಬೇಡಿ, ಒಳಗಿನ ಕೀಗಳೆಲ್ಲ ಹೋಗುತ್ತವೆ. ಬಳಸದ ನೆಟ್‌ವರ್ಕ್ ಬೂಟ್, ಯುಎಸ್‌ಬಿ ಬೂಟ್ ಆಫ್ ಮಾಡಿ. ಡೆಲ್‌ನ ಐಡ್ರಾಕ್, ಎಚ್‌ಪಿಇಯ ಐಎಲ್‌ಒದಂಥ, ದೂರದಿಂದಲೇ ಸರ್ವರ್ ನಿಭಾಯಿಸುವ ರಿಮೋಟ್ ಪೋರ್ಟ್‌ನ ಪಾಸ್‌ವರ್ಡ್ ಬದಲಿಸಿ, ಅದನ್ನು ನೇರ ಇಂಟರ್ನೆಟ್‌ಗೆ ಒಡ್ಡಬೇಡಿ.

ಪವರ್ ಪುಟದಲ್ಲಿ ಮುಖ್ಯವಾದದ್ದು 'ಎಸಿ ಪವರ್ ರಿಕವರಿ'. ಹೆಸರು ಕಂಪನಿಗೊಂದು, ಆಯ್ಕೆ ಮೂರು: ಆನ್, ಆಫ್, ಲಾಸ್ಟ್. 'ಲಾಸ್ಟ್' ಎಂದರೆ ಕರೆಂಟು ಹೋಗುವಾಗ ಹೇಗಿತ್ತೋ ಹಾಗೆ. ಜಾಣತನದ ಆಯ್ಕೆ ಅನಿಸುತ್ತೆ ಅಲ್ವಾ? ಇಲ್ಲೇ ಎಡವುವುದು. ಯುಪಿಎಸ್ ಬ್ಯಾಟರಿ ಮುಗಿಯುತ್ತಾ ಬಂದಾಗ ಅದರ ಸಾಫ್ಟ್‌ವೇರ್ ಸರ್ವರನ್ನು ನೀಟಾಗಿ ಶಟ್‌ಡೌನ್ ಮಾಡುತ್ತದೆ, ಆಮೇಲೆ ಕರೆಂಟು ಪೂರ್ತಿ ಹೋಗುತ್ತದೆ, ಅಂದರೆ ಸರ್ವರ್ ಲೆಕ್ಕದಲ್ಲಿ ಕೊನೆಯ ಸ್ಥಿತಿ 'ಆಫ್', ಕರೆಂಟು ಬಂದರೂ ಅದು ಏಳುವುದಿಲ್ಲ. ಯುಪಿಎಸ್ ಇದ್ದರೆ 'ಆನ್' ಇಡಿ. ಇನ್ನೊಂದು ಪೇಚು: ಶಟ್‌ಡೌನ್ ಆದಮೇಲೂ ಯುಪಿಎಸ್‌ನಲ್ಲಿ ಚೂರು ಬ್ಯಾಟರಿ ಉಳಿದಿದ್ದು, ಅಷ್ಟರಲ್ಲೇ ಕರೆಂಟು ಬಂದುಬಿಟ್ಟರೆ ಸರ್ವರ್‌ಗೆ ಕರೆಂಟು ಹೋದದ್ದೇ ಗೊತ್ತಾಗುವುದಿಲ್ಲ. ಆದ್ದರಿಂದ ಶಟ್‌ಡೌನ್ ನಂತರ ಔಟ್‌ಪುಟ್ ಕಡಿಯುವಂತೆ ಯುಪಿಎಸ್‌ನಲ್ಲೂ ಹೇಳಿಡಬೇಕು. ಸರ್ವರ್ ಹಲವು ಇದ್ದರೆ ಒಂದೊಂದಕ್ಕೂ ಬೇರೆ ಬೇರೆ ಡಿಲೇ ಕೊಡಿ, ಎಲ್ಲ ಒಟ್ಟಿಗೆ ಎದ್ದರೆ ಒಮ್ಮೆಲೇ ಲೋಡ್ ಏರಿ ಬ್ರೇಕರ್ ಬೀಳಬಹುದು.

ಪವರ್ ಪ್ರೊಫೈಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯ ಕೆಲಸಕ್ಕೆ ಬ್ಯಾಲೆನ್ಸ್ಡ್ ಸಾಕು. ಒಂದೊಂದು ಮೈಕ್ರೊಸೆಕೆಂಡೂ ಲೆಕ್ಕಕ್ಕೆ ಬರುವ ಕಡೆ ಮಾತ್ರ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಇಟ್ಟು, ಪ್ರೊಸೆಸರ್ ನಿದ್ದೆ ಹೋಗುವ ಸಿ-ಸ್ಟೇಟ್ ಆಫ್ ಮಾಡಿ. ಬಿಸಿಯೂ ಬಿಲ್ಲೂ ಏರುತ್ತವೆ.

ಸೇವ್ ಮಾಡಿದ ಮೇಲೆ, ಯಾರೂ ಕೆಲಸ ಮಾಡದ ಹೊತ್ತು ನೋಡಿ ಸರ್ವರ್ ಶಟ್‌ಡೌನ್ ಮಾಡಿ. ಎರಡೂ ಪವರ್ ಕೇಬಲ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ. ಪವರ್ ಬಟನ್ ಮುಟ್ಟದೆ ಲಾಗಿನ್ ಪರದೆ ಬಂದರೆ ಸರಿ. ಬರದಿದ್ದರೆ ಮೊದಲೇ ತೆಗೆದಿಟ್ಟ ಫೋಟೊ ಹಿಡಿದುಕೊಂಡು ಮತ್ತೆ ಬಯೋಸ್‌ಗೆ ನಡೆಯಿರಿ.